ಸ್ಪಿರಿಟ್ ಒಲೆಗೆ ಪಾತ್ರೆ ಸ್ಟ್ಯಾಂಡ್: ಮೊದಲು ಎತ್ತರ ಅಳೆಯಿರಿ, ಆಮೇಲೆ ತಂತಿ ಕತ್ತರಿಸಿ

ಪ್ರಶ್ನೆ: ನಾನು ಉಡುಪಿಯವನು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ ಒಂದು ಸಣ್ಣ ಸ್ಪಿರಿಟ್ ಒಲೆ ಮಾಡಿದ್ದೇನೆ. 4 ಸೆಂ.ಮೀ. ಎತ್ತರ ಉಂಟು, ಚೆನ್ನಾಗಿಯೇ ಉರಿಯುತ್ತದೆ. ಪಾತ್ರೆ ಇಡಲು ಕೋಳಿಗೂಡಿಗೆ ಹಾಕುವ ಬಲೆಯನ್ನು ಸುತ್ತಿ 5 ಸೆಂ.ಮೀ. ಎತ್ತರದ ಸ್ಟ್ಯಾಂಡ್ ಮಾಡಿದೆ. ಪಡುಕೆರೆ ಬೀಚಿನಲ್ಲಿ ಗೆಳೆಯನ ಜೊತೆ ಚಹಾ ಮಾಡಲು ಕೂತರೆ ಕಾಲು ಗಂಟೆಯಾದರೂ ನೀರು ಕುದಿಯಲಿಲ್ಲ, ಕೊನೆಗೆ ಪಾತ್ರೆಯೇ ವಾಲಿ ಬಿತ್ತು. ಮನೆಯಲ್ಲೇ ಗಟ್ಟಿ ಸ್ಟ್ಯಾಂಡ್ ಮಾಡುವುದು ಹೇಗೆ? ಯಾವ ಲೋಹ, ಎಷ್ಟು ಎತ್ತರ?

ಉತ್ತರ: ನೀವು ಅಳತೆ ಕೊಟ್ಟದ್ದು ಒಳ್ಳೆಯದಾಯ್ತು, ನಿಮ್ಮ ತೊಂದರೆ ಅದರಲ್ಲೇ ಕಾಣುತ್ತದೆ. ಒಲೆ 4 ಸೆಂ.ಮೀ., ಸ್ಟ್ಯಾಂಡ್ 5 ಸೆಂ.ಮೀ. ಅಂದರೆ ಒಲೆಯ ಬಾಯಿಗೂ ಪಾತ್ರೆಯ ತಳಕ್ಕೂ ನಡುವೆ ಉಳಿದದ್ದು ಬರೀ 1 ಸೆಂ.ಮೀ. ಸ್ಪಿರಿಟ್ ಉರಿಯುವುದು ದ್ರವವಾಗಿ ಅಲ್ಲ, ಆವಿಯಾಗಿ. ಆ ಆವಿಗೆ ಗಾಳಿ ಬೆರೆಯಬೇಕು, ಬೆರೆಯಲು ಜಾಗ ಬೇಕು. 1 ಸೆಂ.ಮೀ. ಜಾಗದಲ್ಲಿ ಗಾಳಿ ಒಳಗೆ ಬರುವುದಿಲ್ಲ, ಅದರ ಮೇಲೆ ತಣ್ಣಗಿನ ಪಾತ್ರೆಯ ತಳ ಜ್ವಾಲೆಯನ್ನು ಒತ್ತಿ ಹಿಡಿಯುತ್ತದೆ. ಅರ್ಧ ಉರಿದ ಆವಿ ಬದಿಯಿಂದ ಹೊರಗೆ ಹೋಗುತ್ತದೆ, ಕಣ್ಣು ಉರಿಯುವಂಥ ವಾಸನೆ ಬರುತ್ತದೆ, ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಹುಟ್ಟುತ್ತದೆ. ಹಾಗಾಗಿ ಒಲೆಯದ್ದು ಏನೂ ತಪ್ಪಿಲ್ಲ, ಅದನ್ನು ಎಸೆಯಬೇಡಿ.

ತೀರಾ ಎತ್ತರ ಮಾಡಿದರೂ ಆಗುವುದಿಲ್ಲ. 6 ಸೆಂ.ಮೀ. ಅಂತರ ಬಿಟ್ಟರೆ ಜ್ವಾಲೆ ಚಂದ ಕಾಣುತ್ತದೆ, ಆದರೆ ಬಿಸಿಯೆಲ್ಲ ಗಾಳಿಗೆ ಹೋಗುತ್ತದೆ, ಅದರಲ್ಲೂ ನಮ್ಮ ಕಡಲಗಾಳಿಗೆ. ಕ್ಯಾನ್‌ನಿಂದ ಮಾಡಿದ ಒಲೆಗಳಿಗೆ ನಾನು ಕಂಡಂತೆ 3ರಿಂದ 4 ಸೆಂ.ಮೀ. ಸರಿ ಹೊಂದುತ್ತದೆ. ಸ್ಪಿರಿಟ್ ಬದಲು ಹೆಕ್ಸಮೀನ್ ಎಂಬ ಗಟ್ಟಿ ಇಂಧನದ ಮಾತ್ರೆ ಉರಿಸುವವರಿಗೆ ಸುಮಾರು 2.5 ಸೆಂ.ಮೀ. ಸಾಕು. ಆದರೆ ಒಂದೊಂದು ಒಲೆಯ ತೂತು ಒಂದೊಂದು ತರಹ, ಆದ್ದರಿಂದ ನನ್ನ ಮಾತು ನಂಬಿ ತಂತಿ ಕತ್ತರಿಸಬೇಡಿ, ನಿಮ್ಮ ಒಲೆಯ ಮೇಲೆಯೇ ನೋಡಿಕೊಳ್ಳಿ. ಅದಕ್ಕೆ ಸುಲಭದ ದಾರಿ ಉಂಟು. ಇಟ್ಟಿಗೆ ಅಥವಾ ಕಲ್ಲು ಜೋಡಿಸಿ 8.5 ಸೆಂ.ಮೀ. ಎತ್ತರಕ್ಕೆ ಪಾತ್ರೆ ನಿಲ್ಲುವ ಹಾಗೆ ಮಾಡಿ, ಮಧ್ಯದಲ್ಲಿ ಒಲೆ ಇಡಿ. ಈಗ ಪಾತ್ರೆಯನ್ನು ಮುಟ್ಟಬೇಡಿ. ಒಲೆಯ ಅಡಿಗೆ ಟೈಲ್ಸ್ ತುಂಡು ಒಂದೊಂದಾಗಿ ಇಡುತ್ತಾ ಹೋಗಿ. ಪ್ರತಿ ಸಲವೂ ಅಳೆದು 20 ಮಿ.ಲೀ. ಸ್ಪಿರಿಟ್, ಅರ್ಧ ಲೀಟರ್ ನೀರು, ಪಾತ್ರೆಗೆ ಮುಚ್ಚಳ, ಗಡಿಯಾರ. ಸ್ಪಿರಿಟ್ ಮುಗಿಯುವಾಗ ನೀರು ಎಷ್ಟು ಬಿಸಿಯಾಯ್ತು, ಎಷ್ಟು ನಿಮಿಷ ಆಯ್ತು ಬರೆದಿಡಿ. ಎರಡು ಸಲದ ನಡುವೆ ಒಲೆ ಪೂರ್ತಿ ತಣಿಯಲಿ, ಬಿಸಿ ಒಲೆಗೆ ಸ್ಪಿರಿಟ್ ಹೊಯ್ಯಬೇಡಿ. ನನ್ನ ಜಗಲಿಯಲ್ಲಿ ಗಾಳಿ ಇಲ್ಲದ ದಿನ ಅರ್ಧ ಲೀಟರಿಗೆ 20ರಿಂದ 25 ಮಿ.ಲೀ. ಬೇಕಾಗುತ್ತದೆ, ಸಮಯ 8 ನಿಮಿಷದ ಆಚೆ ಈಚೆ. ಒಂದು ಸಂಜೆಯ ಕೆಲಸ ಅಷ್ಟೆ, ಆದರೆ ಆ ಸಂಜೆ ನಿಮಗೆ ಸಿಕ್ಕ ಅಂತರ ಮುಂದೆ ಯಾವ ಸ್ಟ್ಯಾಂಡ್ ಮಾಡಿದರೂ ಬದಲಾಗುವುದಿಲ್ಲ.

ಇನ್ನು ವಾಲಿ ಬಿದ್ದ ವಿಷಯ. ಕೋಳಿ ಬಲೆಯ ತಂತಿ ತೆಳು, ಅದರ ಆರು ಮೂಲೆಯ ಕಣ್ಣುಗಳು ಬರೀ ಹೆಣೆದದ್ದು, ಬೆಸುಗೆ ಇಲ್ಲ. ಮೇಲಿನಿಂದ ಭಾರ ಬಿದ್ದರೆ ಕಣ್ಣು ಚಪ್ಪಟೆಯಾಗುತ್ತದೆ. ಒಂದು ಬದಿ ಸ್ವಲ್ಪ ತಗ್ಗಿದರೆ ನೀರು ಆ ಕಡೆಗೆ ಸರಿಯುತ್ತದೆ, ಭಾರ ಇನ್ನೂ ಆ ಕಡೆಗೇ ಬೀಳುತ್ತದೆ. ಅದರ ಅಡಿಯಲ್ಲಿ ಮರಳು ಬೇರೆ. ನಿಲ್ಲುವುದು ಹೇಗೆ ಹೇಳಿ?

ನಮ್ಮ ಅಜ್ಜಿಯಂದಿರು ಮೂರು ಕಲ್ಲಿನ ಒಲೆಯಲ್ಲೇ ಎಷ್ಟು ದೊಡ್ಡ ಹಂಡೆ ಇಟ್ಟಿದ್ದಾರೆ. ಮೂರು ಕಾಲಿನದ್ದು ಯಾವ ನೆಲದಲ್ಲೂ ಕುಂಟುವುದಿಲ್ಲ, ನಾಲ್ಕು ಕಾಲಿನದ್ದು ಉಬ್ಬು ತಗ್ಗಿನಲ್ಲಿ ಕುಂಟುತ್ತದೆ. ಅದು ನಿಜ. ಆದರೆ ಇದರಲ್ಲಿ ಇನ್ನೊಂದು ಲೆಕ್ಕ ಉಂಟು, ಅದನ್ನು ತುಂಬ ಜನ ಮರೆಯುತ್ತಾರೆ. ಕುಂಟದೆ ನಿಲ್ಲುವುದು ಬೇರೆ, ಮಗುಚದೆ ನಿಲ್ಲುವುದು ಬೇರೆ. 9 ಸೆಂ.ಮೀ. ಅಗಲದ ವೃತ್ತದ ಮೇಲೆ ಮೂರು ಕಾಲು ಇಟ್ಟಿರಿ ಅಂತ ತಿಳಿಯಿರಿ. ಎರಡು ಕಾಲಿನ ನಡುವೆ ಗೆರೆ ಎಳೆದರೆ, ಆ ಗೆರೆ ಮಧ್ಯದಿಂದ ಬರೀ 2.25 ಸೆಂ.ಮೀ. ದೂರ. ಪಾತ್ರೆಯ ಭಾರದ ಕೇಂದ್ರ ಅಷ್ಟು ಸರಿದರೆ ಸಾಕು, ಮಗುಚುತ್ತದೆ. ಅದೇ ವೃತ್ತದಲ್ಲಿ ನಾಲ್ಕು ಕಾಲು ಇಟ್ಟರೆ ಆ ದೂರ ಸುಮಾರು 3.2 ಸೆಂ.ಮೀ. ಆಗುತ್ತದೆ. ಭಾರದ ಕೇಂದ್ರ ನೆಲದಿಂದ 10 ಸೆಂ.ಮೀ. ಮೇಲಿದ್ದರೆ ಮೂರು ಕಾಲಿನದ್ದು ಸುಮಾರು 13 ಡಿಗ್ರಿ ವಾಲುವಾಗ ಬೀಳುತ್ತದೆ, ನಾಲ್ಕು ಕಾಲಿನದ್ದು 17 ದಾಟುವವರೆಗೆ ತಡೆಯುತ್ತದೆ. ಹಾಗಾದರೆ ಮೂರು ಕಾಲು ಬೇಡವಾ? ಬೇಕು, ಆದರೆ ಕಾಲುಗಳನ್ನು ಅಡಿಯಲ್ಲಿ ಅಗಲಿಸಬೇಕು. 13 ಸೆಂ.ಮೀ. ವೃತ್ತಕ್ಕೆ ಅಗಲಿಸಿದರೆ ಮೂರು ಕಾಲಿನಲ್ಲೇ 18 ಡಿಗ್ರಿ ಸಿಗುತ್ತದೆ. ಮೂರು ಕಲ್ಲಿನ ಒಲೆಯ ಗುಟ್ಟೂ ಅದೇ ಅಲ್ವಾ, ಆ ಕಲ್ಲುಗಳು ಎಷ್ಟು ದಪ್ಪ, ಎಷ್ಟು ಅಗಲಕ್ಕೆ ಕೂತಿರುತ್ತವೆ ನೆನಪು ಮಾಡಿಕೊಳ್ಳಿ.

ಲೋಹದ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಬೆಂಕಿ ತಾಗುವ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಬೇಡ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಜಿಐ ಬಲೆ, ಅದರ ಮೇಲೆ ಸತುವಿನ ಲೇಪ ಇರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಜ್ವಾಲೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ತಂತಿ ಕೆಂಪಗಾಗುವಷ್ಟು ಕಾದರೆ ಬಿಳಿ ಹೊಗೆ ಬರಬಹುದು. ಜಿಐ ಪೈಪಿಗೆ ವೆಲ್ಡಿಂಗ್ ಮಾಡುವವರಿಗೆ ಆ ಹೊಗೆ ಕುಡಿದು ರಾತ್ರಿ ಚಳಿಜ್ವರ ಬರುವುದುಂಟು. ಸಣ್ಣ ಒಲೆಯಲ್ಲಿ ಅಷ್ಟು ಹೊಗೆ ಬರುವುದಿಲ್ಲ ಅಂತ ವಾದ ಮಾಡಬಹುದು, ಆದರೆ ಬಗ್ಗಿ ಊದಿಕೊಂಡು ಕೂರುವುದು ನಾವೇ ತಾನೇ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಸ್ಟೀಲ್ ತನ್ನಿ. ಸಾದಾ ಕಬ್ಬಿಣದ ಸರಳು ಬೆಂಕಿಗೆ ಏನೂ ಆಗುವುದಿಲ್ಲ, ಆದರೆ ನಮ್ಮ ಊರಿನ ಉಪ್ಪು ಗಾಳಿಗೆ ಒಂದು ಮಳೆಗಾಲದಲ್ಲಿ ತುಕ್ಕು. ಅದೇ ಇದ್ದರೆ ಪ್ರತಿ ಸಲ ಒರೆಸಿ ತೆಂಗಿನೆಣ್ಣೆ ಸವರಿ ಇಡಿ.

ಅಲ್ಯೂಮಿನಿಯಂ ಬಗ್ಗೆ ನನಗೆ ಪಾಠ ಆದದ್ದು ಮನೆಯಂಗಳದಲ್ಲಿ. ಮೊದಲ ಸ್ಟ್ಯಾಂಡನ್ನು ನಾನು ಕಿಟಕಿ ಕೆಲಸದಲ್ಲಿ ಉಳಿದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಮಾಡಿದ್ದೆ. ಹಗುರ, ಬಗ್ಗಿಸಲು ಸುಲಭ. ಎರಡು ಸಲ ನಿಂತಿತು. ಮೂರನೇ ಸಲ ನೀರು ಕುದಿ ಬರುವ ಹೊತ್ತಿಗೆ ಒಂದು ಕಾಲು ಮೆಲ್ಲಗೆ ಮಡಚಿತು, ಕುದಿನೀರು ನನ್ನ ಪಾದದಿಂದ ಒಂದು ಗೇಣು ದೂರದಲ್ಲಿ ಚೆಲ್ಲಿತು. ಪಕ್ಕದಲ್ಲಿ ಮಗಳು ಕೂತಿದ್ದಳು. ಆ ದಿನದಿಂದ ನಾನು ಈ ವಿಷಯವನ್ನು ಹಗುರವಾಗಿ ತಗೊಂಡಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಆದರೆ 200-300 ಡಿಗ್ರಿಗೇ ಅದರ ಬಲ ತುಂಬ ಕಮ್ಮಿಯಾಗುತ್ತದೆ. ಹಾಗಾದರೆ ನಿಮ್ಮ ಕ್ಯಾನ್ ಒಲೆ ಅಲ್ಯೂಮಿನಿಯಂ ಆದರೂ ಯಾಕೆ ಕರಗುವುದಿಲ್ಲ ಅಂತ ಕೇಳಬಹುದು. ಒಳಗೆ ಸ್ಪಿರಿಟ್ ಇರುವವರೆಗೆ ಅದು 78 ಡಿಗ್ರಿಯ ಹತ್ತಿರ ಕುದಿಯುತ್ತಾ ಲೋಹದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸ್ಟ್ಯಾಂಡಿನ ಕಾಲಿಗೆ ಆ ರಕ್ಷಣೆ ಇಲ್ಲ.

ಸರಿ, ಮಾಡುವುದು ಹೇಗೆ ಅಂತ ಬರೋಣ. ನಿಮಗೆ ನಾನು ಮೊದಲು ಹೇಳುವುದು ಚೌಕ ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಬಲೆ, ಅರ್ಧ ಇಂಚಿನದ್ದು, ಸ್ಟೇನ್‌ಲೆಸ್. ಮಂಗಳೂರಿನಲ್ಲಾದರೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಉಡುಪಿ ಕಡೆಯವರು ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ತುಂಡು ಉಳಿದದ್ದು ಉಂಟಾ ಅಂತ ಕೇಳಿ, ಗುಜರಿ ಅಂಗಡಿಯನ್ನೂ ಬಿಡಬೇಡಿ. ನಿಮ್ಮ ಒಲೆ 4, ಅಂತರ 3.5 ಅಂತ ಬಂದರೆ ಒಟ್ಟು 7.5 ಸೆಂ.ಮೀ. ಒಂದು ಕಣ್ಣು 1.27 ಸೆಂ.ಮೀ., ಹಾಗಾಗಿ ಎತ್ತರಕ್ಕೆ 6 ಕಣ್ಣು. ಉದ್ದಕ್ಕೆ 24 ಕಣ್ಣು ಕತ್ತರಿಸಿ. ಒಂದು ಕಣ್ಣು ಒಂದರ ಮೇಲೊಂದು ಕೂತರೆ ಉಳಿದ 23 ಕಣ್ಣಿಗೆ ಸುಮಾರು 9.3 ಸೆಂ.ಮೀ. ಅಗಲದ ಉರುಳೆ ಬರುತ್ತದೆ. ಕತ್ತರಿಸುವಾಗ ಮೇಲಿನ ಅಂಚಿನಲ್ಲಿ ಅಡ್ಡ ತಂತಿ ಉಳಿಯಲಿ, ಚೂಪು ತುದಿಗಳು ಇರಬಾರದು, ಪಾತ್ರೆ ಕೂರುವುದು ಆ ತಂತಿಯ ಮೇಲೆ. ಒಂದು ಬದಿಯಲ್ಲಿ ಮಾತ್ರ ತಂತಿಯ ತುದಿಗಳನ್ನು ಅರ್ಧ ಇಂಚು ಬಿಡಿ, ಯಾವುದಾದರೂ ದಪ್ಪ ಬಾಟಲಿಗೆ ಸುತ್ತಿ ಬಗ್ಗಿಸಿ, ಆ ತುದಿಗಳನ್ನು ಪ್ಲೈಯರ್‌ನಿಂದ ಇನ್ನೊಂದು ಬದಿಗೆ ಕೊಂಡಿ ಹಾಕಿ. ಕೊಂಡಿ ಪೂರ್ತಿ ಒತ್ತದಿದ್ದರೆ ಬಿಚ್ಚಿ ಚಪ್ಪಟೆ ಮಾಡಿ ಬ್ಯಾಗಿನಲ್ಲಿ ಇಡಬಹುದು. ಉಳಿದ ಅಂಚಿಗೆಲ್ಲ ಅರ ಹಾಕಿ, ಬೆರಳು ಕೊಯ್ಯುತ್ತದೆ. ಕೆಲಸ ಮಾಡುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ಕತ್ತರಿಸಿದ ತಂತಿ ತುಂಡು ಹಾರುವುದು ಎತ್ತ ಅಂತ ಹೇಳಲಿಕ್ಕಾಗುವುದಿಲ್ಲ.

ಇದು ಅರ್ಧ ಲೀಟರ್, ಮುಕ್ಕಾಲು ಲೀಟರ್ ಪಾತ್ರೆಗೆ ಧಾರಾಳ ಸಾಕು. ಪಾತ್ರೆಯ ತಳ 12-13 ಸೆಂ.ಮೀ. ಅಗಲ, ಚಪ್ಪಟೆ ಇರಲಿ. ಗುಂಡು ತಳದ ಅಲ್ಯೂಮಿನಿಯಂ ಚಹಾ ಪಾತ್ರೆ ಜಾರುತ್ತದೆ, ಅದನ್ನು ಮನೆಯಲ್ಲೇ ಬಿಡಿ. ಹಾಗೆಯೇ ಇಷ್ಟು ಸಣ್ಣ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ ಮಾಡುವ ಆಸೆ ಬೇಡ ಮಾರಾಯ್ರೇ. ಅದು ಬೇಯಲು ಮುಕ್ಕಾಲು ಗಂಟೆ ಮೇಲೆ ಬೇಕು, ಅಷ್ಟು ಸ್ಪಿರಿಟ್ ಹೊತ್ತುಕೊಂಡು ಹೋಗುವುದು ಯಾರು? ಚಹಾ, ಸಜ್ಜಿಗೆ, ನೂಡಲ್ಸ್, ಬಿಸಿನೀರಿಗೆ ಅವಲಕ್ಕಿ, ಅಷ್ಟಕ್ಕೆ ಇದು ಹೇಳಿ ಮಾಡಿಸಿದ ಒಲೆ.

ಇನ್ನೊಂದು ದಾರಿ ಸೈಕಲ್ ಕಡ್ಡಿಯದ್ದು. 2 ಮಿ.ಮೀ. ದಪ್ಪದ ಸ್ಟೀಲ್ ಸ್ಪೋಕ್ ಗಟ್ಟಿ, ಹಗುರ. ಎಲ್ಲ ಕಡ್ಡಿಯೂ ಸ್ಟೇನ್‌ಲೆಸ್ ಅಲ್ಲ, ಹಳೆ ಸೈಕಲ್ಲಿನದ್ದು ಹೆಚ್ಚಾಗಿ ಲೇಪ ಹಾಕಿದ ಕಬ್ಬಿಣ. ಅಯಸ್ಕಾಂತ ಹಿಡಿಯಿರಿ: ಗಟ್ಟಿಯಾಗಿ ಅಂಟಿದರೆ ಬೇಡ, ಸುಮ್ನೆ ಸ್ವಲ್ಪ ಎಳೆದರೆ ಅಥವಾ ಎಳೆಯದೇ ಇದ್ದರೆ ತಗೊಳ್ಳಿ. ಇದರಿಂದ ಕಾಲು ಮಾಡುವುದಕ್ಕಿಂತ ನಾನು ಇನ್ನೊಂದು ಕೆಲಸಕ್ಕೆ ಬಳಸುತ್ತೇನೆ, ಅದೇ ನನಗೆ ಎಲ್ಲಕ್ಕಿಂತ ಇಷ್ಟದ ಸ್ಟ್ಯಾಂಡ್.

ಪಾತ್ರೆ ಅಂಗಡಿಯಲ್ಲಿ ಚಮಚ ಹಾಕಿಡುವ ತೂತಿನ ಸ್ಟೀಲ್ ಡಬ್ಬ ಸಿಗುತ್ತದೆ. ಗಾಳಿಗೆ ಅಡ್ಡವೂ ಆಯ್ತು, ಗಾಳಿ ಹೋಗಲು ತೂತೂ ಆಯ್ತು. ಅದು ಸಿಗದಿದ್ದರೆ ಅಡುಗೆಮನೆಯ ಹಳೆ ಸ್ಟೀಲ್ ಡಬ್ಬಕ್ಕೆ ಡ್ರಿಲ್ ಹಾಕಿ ಬುಡದಲ್ಲಿ ಒಂದು ಸುತ್ತು, ಬಾಯಿಯ ಹತ್ತಿರ ಒಂದು ಸುತ್ತು ತೂತು ಮಾಡಿ. ಡಬ್ಬ ನಿಮ್ಮ ಪಾತ್ರೆಗಿಂತ ಒಂದು ಸೆಂ.ಮೀ. ಮಾತ್ರ ಅಗಲ ಇರುವುದನ್ನು ಹುಡುಕಿ, ಅಂದರೆ ಪಾತ್ರೆಯ ಸುತ್ತ ಅರ್ಧ ಅರ್ಧ ಸೆಂ.ಮೀ. ಸಂದು. ಆಮೇಲೆ ಡಬ್ಬದ ಒಳಗಿನ ತಳದಿಂದ 7.5 ಸೆಂ.ಮೀ. ಎತ್ತರದಲ್ಲಿ ಎದುರೆದುರು ಎರಡು ಜೊತೆ ತೂತು ಮಾಡಿ ಎರಡು ಸ್ಪೋಕ್‌ಗಳನ್ನು ಸಮಾನಾಂತರವಾಗಿ ತೂರಿಸಿ, ತುದಿ ಬಗ್ಗಿಸಿ. ಪಾತ್ರೆ ಕೂರುವುದು ಆ ಎರಡು ಕಡ್ಡಿಯ ಮೇಲೆ, ಡಬ್ಬದೊಳಗೆ 2-3 ಸೆಂ.ಮೀ. ಇಳಿದು. ಬಿಸಿ ಗಾಳಿ ಪಾತ್ರೆಯ ತಳಕ್ಕೆ ತಾಗಿ ಸುಮ್ಮನೆ ಹೋಗುವುದಿಲ್ಲ, ಆ ಸಂದಿನಲ್ಲಿ ಪಾತ್ರೆಯ ಬದಿಯನ್ನೂ ಸವರಿಕೊಂಡು ಮೇಲೆ ಹೋಗುತ್ತದೆ. ಪಾತ್ರೆ ಜಾರಿದರೂ ಡಬ್ಬದ ಗೋಡೆ ಹಿಡಿಯುತ್ತದೆ. ಕಡಲತೀರಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೊದಲ ಸಲ ಉರಿಸುವಾಗ ಜ್ವಾಲೆ ಹಳದಿಯಾಗಿ ಸೋಮಾರಿಯಂತೆ ಆಡಿದರೆ ಬುಡದ ತೂತು ಸಾಲದು ಅಂತ ಅರ್ಥ, ಇನ್ನೂ ನಾಲ್ಕು ಮಾಡಿ.

ಒಲೆ, ಗಾಳಿತಡೆ, ಪಾತ್ರೆ ಮೂರನ್ನೂ ಒಂದೇ ವಸ್ತುವಾಗಿ ಯೋಚಿಸುವುದು ಹೊಸದಲ್ಲ. 1925ರಲ್ಲಿ ಶುರುವಾದ ಸ್ವೀಡನ್ನಿನ ಟ್ರಾಂಜಿಯಾ ಕಂಪನಿಯ ಸ್ಪಿರಿಟ್ ಒಲೆ ಸೆಟ್‌ಗಳಲ್ಲಿ ಗಾಳಿತಡೆಯೇ ಪಾತ್ರೆಯನ್ನು ಹೊರುತ್ತದೆ. 1936ರ ಜರ್ಮನ್ ಎಸ್ಬಿಟ್ ಮಡಚು ಒಲೆಯಲ್ಲಿ ಡಬ್ಬದ ರೆಕ್ಕೆ ಬಿಚ್ಚಿದರೆ ಅದೇ ಸ್ಟ್ಯಾಂಡ್, ಮಡಚಿದರೆ ಒಳಗೆ ಇಂಧನದ ಮಾತ್ರೆ.

ಚಪ್ಪಟೆಯಾಗಿ ಬ್ಯಾಗಿನಲ್ಲಿ ಕೂರಬೇಕು ಅಂತಿದ್ದರೆ 1 ಮಿ.ಮೀ. ಸ್ಟೀಲ್ ತಗಡಿನಲ್ಲಿ ಎರಡು ಕಮಾನಿನಂಥ ತುಂಡು ಕತ್ತರಿಸಿ, ಒಂದಕ್ಕೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ ಸೀಳು ಕೊಟ್ಟು ಕತ್ತರಿ ಆಕಾರಕ್ಕೆ ಸೇರಿಸಬಹುದು. ಉದ್ದ 13, ಎತ್ತರ 7.5, ಮಧ್ಯದಲ್ಲಿ ಒಲೆ ಕೂರಲು 8 ಸೆಂ.ಮೀ. ಅಗಲ 5.5 ಎತ್ತರದ ಬಾಗಿಲು. ಮೇಲೆ ಉಳಿಯುವ 2 ಸೆಂ.ಮೀ. ಪಟ್ಟಿಯಲ್ಲಿ 1 ಸೆಂ.ಮೀ. ಆಳದ ಸೀಳು. ಮನೆಯ ತಗಡು ಕತ್ತರಿಯಲ್ಲಿ ಇದು ನೆಟ್ಟಗೆ ಬರುವುದು ಕಷ್ಟ, ಶೆಡ್‌ನಲ್ಲಿ ಮಾಡಿಸಿ.

ಗ್ಯಾಸ್ ಕ್ಯಾನ್ ಮೇಲೆ ತಿರುಗಿಸಿ ಕೂರಿಸುವ ಬರ್ನರ್ ಇರುವವರು ಈ ಡಬ್ಬದ ಉಪಾಯ ಮಾಡಲೇಬಾರದು. ಸುತ್ತ ಮುಚ್ಚಿದರೆ ಬಿಸಿ ಕೆಳಗೆ ತಿರುಗಿ ಗ್ಯಾಸ್ ಕ್ಯಾನ್ ಕಾಯುತ್ತದೆ, ಒಡೆಯಬಹುದು. ತುಂಬ ಅಗಲದ ಬಾಣಲೆ ಇಟ್ಟರೂ ಅದೇ ಅಪಾಯ. ಕ್ಯಾನ್ ಕೈಯಲ್ಲಿ ಮುಟ್ಟಿದರೆ ಬೆಚ್ಚಗಾಗಿದೆ ಅನ್ನಿಸಿದರೆ ಕೂಡಲೇ ಆರಿಸಿ.

ಮಾಡಿ ಮುಗಿಸಿದ ಮೇಲೆ ಬೆಂಕಿ ಇಲ್ಲದೆ ಪರೀಕ್ಷೆ ಮಾಡಿ. 30 ಸೆಂ.ಮೀ. ಉದ್ದದ ಹಲಗೆಯ ಮೇಲೆ ಸ್ಟ್ಯಾಂಡ್ ಇಟ್ಟು, ತಣ್ಣೀರು ತುಂಬಿದ ಪಾತ್ರೆ ಇಟ್ಟು, ಹಲಗೆಯ ಒಂದು ತುದಿಯನ್ನು 8 ಸೆಂ.ಮೀ. ಎತ್ತಿ. ಅದು ಸುಮಾರು 15 ಡಿಗ್ರಿ. ಪಾತ್ರೆ ಮಗುಚಬಾರದು. ಹಲಗೆಯನ್ನು ತಿರುಗಿಸಿ ನಾಲ್ಕೂ ದಿಕ್ಕಿನಲ್ಲಿ ನೋಡಿ, ಒಂದು ಕಡೆ ಮಾತ್ರ ದುರ್ಬಲ ಇರುವುದುಂಟು. ಆಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳಿ, ಎದ್ದು ನಡೆಯುವಾಗ ಕಾಲು ತಾಗಿದ ಹಾಗೆ.

ಬೀಚಿನ ಮರಳಿನಲ್ಲಿ ಯಾವ ಸ್ಟ್ಯಾಂಡನ್ನೂ ನೇರ ಇಡಬೇಡಿ. ಬ್ಯಾಗಿನಲ್ಲಿ ಒಂದು ಹಳೆ ಸ್ಟೀಲ್ ಊಟದ ತಟ್ಟೆ ಇರಲಿ, ಅದನ್ನು ಬೋರಲು ಹಾಕದೆ ನೆಟ್ಟಗೆ ಇಟ್ಟು ಮರಳಿಗೆ ಒತ್ತಿ ತಿರುಗಿಸಿ ಕೂರಿಸಿ. ಸ್ಪಿರಿಟ್ ಚೆಲ್ಲಿದರೂ ತಟ್ಟೆಯ ಅಂಚಿನೊಳಗೇ ನಿಲ್ಲುತ್ತದೆ. ಮನೆಯಂಗಳದಲ್ಲಾದರೆ ಸಮತಟ್ಟಾದ ಮುರಕಲ್ಲು ಅಥವಾ ನೆಲದ ಹೆಂಚಿನ ತುಂಡು ಸಾಕು.

ಸ್ಪಿರಿಟ್‌ನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿತು ಅಂದುಕೊಂಡು ಬಾಟಲಿಯಿಂದ ಮತ್ತೆ ಹೊಯ್ದು ಸುಟ್ಟುಕೊಳ್ಳುವುದು ಹೀಗೆಯೇ. ಮೇಲೆ ಅಂಗೈ ಹಿಡಿದು, ಸ್ವಲ್ಪ ಹೊತ್ತು ಕಾದು, ಒಲೆ ತಣಿದ ಮೇಲೆಯೇ ಹೊಯ್ಯಿರಿ. ಹತ್ತಿರ ಒಂದು ಬಾಟಲಿ ನೀರು ಇರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುತ್ತದೆ, ಪೆಟ್ರೋಲಿನ ಹಾಗೆ ಮೇಲೆ ತೇಲುವುದಿಲ್ಲ, ಹಾಗಾಗಿ ಧಾರಾಳ ನೀರು ಹೊಯ್ದರೆ ಆರುತ್ತದೆ. ಪಾಲಿಶ್ ಕೆಲಸದ ಸ್ಪಿರಿಟ್‌ನಲ್ಲಿ ಮೆಥನಾಲ್ ಬೆರೆತಿರಬಹುದು, ಅದು ವಿಷ. ಅಡುಗೆ ಪಾತ್ರೆಗೆ, ಕುಡಿಯುವ ಬಾಟಲಿಗೆ ತಾಗಿಸಬೇಡಿ, ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿಡಿ. ಕೈ ತೊಳೆಯುವ ಸ್ಯಾನಿಟೈಸರ್ ಉರಿಸಿ ನೋಡುವವರಿದ್ದಾರೆ, ಅದರಲ್ಲಿ ನೀರಿನ ಪಾಲು ಜಾಸ್ತಿ, ಬಿಸಿ ಕಮ್ಮಿ. ಮಳೆ ಅಂತ ಟೆಂಟಿನ ಒಳಗೆ, ಬಾಗಿಲು ಹಾಕಿದ ಕೋಣೆಯೊಳಗೆ ಉರಿಸಬೇಡಿ. ತೆರೆದ ಜಗಲಿ ಆಗಬಹುದು.

ಮುಂದೆ ಕುದುರೆಮುಖ, ಕೊಡಚಾದ್ರಿ ಕಡೆ ಚಾರಣಕ್ಕೆ ಇದನ್ನು ಕೊಂಡು ಹೋಗುವ ಯೋಚನೆ ಇದ್ದರೆ, ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಎಷ್ಟೇ ಸಣ್ಣ ಒಲೆಯಾದರೂ. ಬೇಸಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಬುಡದಲ್ಲಿ ಉಳಿದುಕೊಳ್ಳುವ ಮನೆಯ ಅಂಗಳದಲ್ಲಿ ಯಜಮಾನರನ್ನು ಕೇಳಿ ಚಹಾ ಮಾಡಿಕೊಳ್ಳಿ.

ನೀವು ಮೊದಲು ಮೆಶ್‌ನದ್ದು ಮಾಡಿ, ಅಂತರ ಸರಿ ಬಂದ ಮೇಲೆ ಅದೇ ಅಳತೆಯಲ್ಲಿ ಡಬ್ಬಕ್ಕೆ ಹೋಗಿ. ಅಳೆಯುವಾಗ ನಿಮ್ಮ ಒಲೆಗೆ ಯಾವ ಅಂತರದಲ್ಲಿ ಎಷ್ಟು ನಿಮಿಷ ಬಂತು ಅಂತ ಬರೆಯಿರಿ, ತೂತು ಎಷ್ಟಿದೆ, ಮೇಲಿದೆಯಾ ಬದಿಯಲ್ಲಿದೆಯಾ ಅದನ್ನೂ ಹೇಳಿ. ಬದಿಯಲ್ಲಿ ತೂತಿರುವ ಒಲೆಯಾದರೆ ಲೆಕ್ಕ ಸ್ವಲ್ಪ ಬೇರೆ ಆಗುತ್ತದೆ.